ಸ್ಕೋರ್ ಪುಸ್ತಕ ಹಿಡಿದವನ ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಮೇ 2024ರಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮೊದಲು ಕ್ಷಮೆ ಕೇಳುತ್ತೇನೆ. ಜನವರಿಯಲ್ಲಿ ನಡೆದ ದೊಡ್ಡ ಸಮಾರಂಭಕ್ಕೆ ನಾನು ಬರಲಿಲ್ಲ. "ಅಮೆರಿಕಕ್ಕೆ ಹೋದ ಮೇಲೆ ಊರು ಮರೆತ" ಅಂತ ಒಂದಿಬ್ಬರು ಅಂದರಂತೆ. ನಿಜ ಏನೆಂದರೆ, ನಮ್ಮ ಕೆಲಸದಲ್ಲಿ ನವೆಂಬರ್‌ನಿಂದ ಮಾರ್ಚ್ ತನಕ ಸುಗ್ಗಿ. ಸುಗ್ಗಿಯಲ್ಲಿ ಕಣ ಬಿಟ್ಟು ನೆಂಟರ ಮನೆಗೆ ಹೋದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.

ಎರಡನೆಯದು, ಒಂದು ತಿದ್ದುಪಡಿ. ನಿರೂಪಣೆ ಮಾಡಿದ ಮೇಡಂ ನನ್ನನ್ನು "ಅಮೆರಿಕದ ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ಕೋಚ್" ಎಂದರು. ಚಪ್ಪಾಳೆಯೂ ಬಿತ್ತು. ನಾನು ಕೋಚ್ ಅಲ್ಲ, ಅಸಿಸ್ಟೆಂಟ್ ಕೋಚ್. ಹದಿನಾಲ್ಕು ವರ್ಷದಿಂದ ಅಸಿಸ್ಟೆಂಟೇ. ಮುಖ್ಯ ಕೋಚ್ ಹುದ್ದೆಗೆ ಐದು ಸಲ ಅರ್ಜಿ ಹಾಕಿದ್ದೇನೆ, ಎರಡು ಸಲ ಸಂದರ್ಶನಕ್ಕೆ ಕರೆದರು, ಎರಡು ಸಲವೂ ಬೇರೆಯವರನ್ನು ತೆಗೆದುಕೊಂಡರು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಹಗುರಾಗುತ್ತದೆ.

ನಾನು 1994ರ ಎಸ್ಸೆಸ್ಸೆಲ್ಸಿ ಬ್ಯಾಚು. ಆಗ ಬ್ಯಾಸ್ಕೆಟ್‌ಬಾಲ್ ಅನ್ನುವುದು ನಮ್ಮ ಶಾಲೆಗೆ ಬಂದದ್ದೇ ಒಂದು ತಮಾಷೆ. ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಪಿ.ಟಿ. ಮೇಷ್ಟ್ರು ಕಬಡ್ಡಿಯವರು. ತೊಡೆ ತಟ್ಟಿ ಒಳಗೆ ನುಗ್ಗಿದರೆ ಊರಿನ ಪೈಲ್ವಾನರೂ ಹಿಂದೆ ಸರಿಯುತ್ತಿದ್ದರು. ಮಂಡ್ಯಕ್ಕೆ ಹೋದಾಗ ಯಾರೋ ಜೆರಾಕ್ಸ್ ಮಾಡಿದ ನಿಯಮದ ಪುಸ್ತಕ ಕೊಟ್ಟರಂತೆ. ಅದನ್ನು ಓದಿಕೊಂಡು ಬಂದು, ಡಾಂಬರು ಡ್ರಮ್ಮಿನ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ರಿಂಗ್ ಮಾಡಿಸಿ, ಆ ಮೂಲೆಯ ತೆಂಗಿನ ಮರಕ್ಕೆ ಹೊಡೆಸಿದರು. ಎತ್ತರ ಹತ್ತು ಅಡಿ ಇರಬೇಕು ಅಂತ ಪುಸ್ತಕದಲ್ಲಿ ಇತ್ತು. ಟೇಪ್ ಇರಲಿಲ್ಲ. ಒಂದು ಕಬ್ಬಿನ ಜಲ್ಲೆಗೆ ಅಡಿಕೋಲಿನಿಂದ ಹತ್ತು ಗುರುತು ಹಾಕಿ ಅಳೆದರು. ಅಳೆದ ಮೇಲೆ ಆ ಜಲ್ಲೆಯನ್ನು ನಾವೇ ತಿಂದೆವು. ಆಮೇಲೆ ಮುಖ್ಯೋಪಾಧ್ಯಾಯರು ಬಂದು "ಸರಿಯಾಗಿ ಹತ್ತಿದೆಯಾ?" ಎಂದಾಗ ತೋರಿಸಲು ಸಾಕ್ಷಿಯೇ ಇರಲಿಲ್ಲ.

ಈಗ ನಿಮಗೊಂದು ವಿಷಯ ಹೇಳುತ್ತೇನೆ. ಈ ಆಟ ಹುಟ್ಟಿದ್ದೂ ಹೀಗೆಯೇ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು, ಚಳಿಗಾಲದಲ್ಲಿ ಹುಡುಗರಿಗೆ ಒಳಗೆ ಆಡಲು ಏನಾದರೂ ಬೇಕಲ್ಲ ಅಂತ, ಪೀಚ್ ಹಣ್ಣಿನ ಎರಡು ಬುಟ್ಟಿ ತರಿಸಿ ಮಹಡಿಯ ಕಟಕಟೆಗೆ ಮೊಳೆ ಹೊಡೆದು ನೇತುಹಾಕಿದ. ಆ ಕಟಕಟೆ ಇದ್ದದ್ದು ಹತ್ತು ಅಡಿ ಎತ್ತರದಲ್ಲಿ. ಅದಕ್ಕೇ ಇವತ್ತಿಗೂ ಹತ್ತು ಅಡಿ. ಹದಿಮೂರು ನಿಯಮ ಬರೆದು ಗೋಡೆಗೆ ಅಂಟಿಸಿದ. ಆತನೂ ಒಬ್ಬ ಪಿ.ಟಿ. ಮೇಷ್ಟ್ರೇ.

ಮೇಷ್ಟ್ರು ನಮ್ಮನ್ನು ತಾಲ್ಲೂಕು ಮಟ್ಟಕ್ಕೆ ಕರೆದುಕೊಂಡು ಹೋದರು. ನಾನು ಓಟದಲ್ಲಿ ಮಂದ, ಎತ್ತರವೂ ಅಷ್ಟಕ್ಕಷ್ಟೇ. ಆದರೆ ಅಕ್ಷರ ದುಂಡಗಿತ್ತು. "ನೀನು ಸ್ಕೋರ್ ಬರಿ" ಅಂತ ಇನ್ನೂರು ಪುಟದ ನೋಟ್‌ಬುಕ್ ಕೈಗೆ ಕೊಟ್ಟರು. ಆ ಪಂದ್ಯ 42-6ರಲ್ಲಿ ಸೋತೆವು. ಆರು ಅಂಕ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ಕೆಲಸವಿಲ್ಲದೆ ಎದುರು ತಂಡದವರು ಏನು ಮಾಡುತ್ತಾರೆ ಅಂತ ಬರೆಯುತ್ತ ಕೂತೆ. ಅವರ ಉದ್ದನೆಯ ಹುಡುಗ ಚೆಂಡು ಸಿಕ್ಕಾಗಲೆಲ್ಲ ಬಲಕ್ಕೇ ತಿರುಗುತ್ತಿದ್ದ, ಹನ್ನೊಂದಕ್ಕೆ ಹತ್ತು ಸಲ. ಪಂದ್ಯ ಮುಗಿದ ಮೇಲೆ ಮೇಷ್ಟ್ರಿಗೆ ತೋರಿಸಿದೆ. ಅವರು ಪುಸ್ತಕ ನೋಡಿದರು, ನನ್ನ ಮುಖ ನೋಡಿದರು, "ಮೊದಲೇ ಬೊಗಳಬಾರದಾಗಿತ್ತೇನೋ" ಅಂದರು. ಮುಂದಿನ ವರ್ಷ ಅದೇ ಶಾಲೆಯ ಮೇಲೆ ಮೊದಲೇ ಬೊಗಳಿದೆ. ಆಗಲೂ ಸೋತೆವು, ಆದರೆ 28-24. ಊರಿಗೆ ಬಂದಾಗ ಗೆದ್ದವರ ಹಾಗೆ ಬಸ್ಸಿನಿಂದ ಇಳಿದೆವು.

ಅದು ನನ್ನ ಮೊದಲ ಸ್ಕೌಟಿಂಗ್ ವರದಿ ಅಂತ ನನಗೆ ಗೊತ್ತಾದದ್ದು ಹದಿನೈದು ವರ್ಷದ ಮೇಲೆ.

ನಡುವಿನದನ್ನು ಬೇಗ ಹೇಳಿಬಿಡುತ್ತೇನೆ. ಪಿಯುಸಿ, ಬಿ.ಇ., ಕಾಲೇಜು ತಂಡದಲ್ಲಿ ಬೆಂಚು ಕಾಯುವ ಕೆಲಸ, ಬೆಂಗಳೂರಿನಲ್ಲಿ ಐದು ವರ್ಷ ಸಾಫ್ಟ್‌ವೇರ್. 2005ರಲ್ಲಿ ಎಂ.ಎಸ್. ಓದಲು ಅಮೆರಿಕದ ಮಧ್ಯಪಶ್ಚಿಮದ ಒಂದು ವಿಶ್ವವಿದ್ಯಾಲಯಕ್ಕೆ ಹೋದೆ. ಅದಕ್ಕೆ ಅಪ್ಪ ನಾಲೆ ಬಯಲಿನ ಇಪ್ಪತ್ತು ಗುಂಟೆ ಮಾರಿದರು. ಅದು ಯಾವ ಇಪ್ಪತ್ತು ಗುಂಟೆ ಅಂತ ಇಲ್ಲಿ ಕೂತ ಬಹಳ ಜನಕ್ಕೆ ಗೊತ್ತು. ಕೊಂಡವರೂ ಇಲ್ಲೇ ಇದ್ದಾರೆ, ಚೆನ್ನಾಗಿ ಬೆಳೆ ತೆಗೆಯುತ್ತಿದ್ದಾರೆ, ಸಂತೋಷ.

ವಿದೇಶಿ ವಿದ್ಯಾರ್ಥಿಗೆ ಅಲ್ಲಿ ಕ್ಯಾಂಪಸ್ಸಿನ ಒಳಗೆ ವಾರಕ್ಕೆ ಇಪ್ಪತ್ತು ಗಂಟೆ ಕೆಲಸ ಮಾಡಲು ಅವಕಾಶ ಇದೆ. ಲೈಬ್ರರಿ, ಕ್ಯಾಂಟೀನ್ ಎಲ್ಲ ತುಂಬಿಹೋಗಿತ್ತು. ಒಳಾಂಗಣ ಕ್ರೀಡಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಟವೆಲ್ ಒಗೆಯುವ, ಅಂಕಣದಲ್ಲಿ ಬಿದ್ದ ಬೆವರು ಒರೆಸುವ ಕೆಲಸ ಖಾಲಿ ಇತ್ತು. ಸ್ಟೂಡೆಂಟ್ ಮ್ಯಾನೇಜರ್ ಅಂತ ಅದಕ್ಕೆ ದೊಡ್ಡ ಹೆಸರು. ಇಪ್ಪತ್ತೇಳು ವರ್ಷದವನು ಹದಿನೆಂಟರ ಹುಡುಗರ ಬೆವರು ಒರೆಸಿದೆ. ಒಂದು ದಿನ ವಿಡಿಯೊ ಕೋಣೆಗೆ ಟವೆಲ್ ಕೊಡಲು ಹೋದಾಗ ನೋಡುತ್ತೇನೆ, ಅಲ್ಲಿದ್ದವನು ಎದುರು ತಂಡದ ಆಟವನ್ನು ಒಂದೊಂದೇ ತುಣುಕಾಗಿ ಕತ್ತರಿಸುತ್ತಿದ್ದ, ರಾತ್ರಿ ಎರಡು ಗಂಟೆ ತನಕ. ಬಲಕ್ಕೆ ತಿರುಗಿದ್ದು ಒಂದು ಕಡೆ, ಎಡಕ್ಕೆ ತಿರುಗಿದ್ದು ಒಂದು ಕಡೆ. ಅರೆ, ಇದು ನಮ್ಮ ಇನ್ನೂರು ಪುಟದ ನೋಟ್‌ಬುಕ್ಕೇ ಅಲ್ಲವೇ ಅನಿಸಿತು. ಅವನ ಕೆಲಸ ಅರ್ಧಕ್ಕೆ ಇಳಿಯುವಂಥ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಮಾರನೆಯ ವರ್ಷದಿಂದ ಟವೆಲ್ ತಪ್ಪಿತು, ವಿಡಿಯೊ ಕೋಣೆ ನನ್ನದಾಯಿತು. ಓದು ಮುಗಿದ ಮೇಲೂ ಅಲ್ಲೇ ಉಳಿದೆ, ಸಂಬಳ ಬೆಂಗಳೂರಿನಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚೇನಿರಲಿಲ್ಲ. 2010ರಲ್ಲಿ ನಮ್ಮ ಅಸಿಸ್ಟೆಂಟ್ ಕೋಚ್ ಒಬ್ಬರಿಗೆ ಬೇರೆ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಹುದ್ದೆ ಸಿಕ್ಕಿತು. ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಆ ಲೋಕದಲ್ಲಿ ಮೇಲೆ ಹೋಗುವ ದಾರಿ ಅದೇ. ಅರ್ಜಿ, ಪರೀಕ್ಷೆ, ಸೀನಿಯಾರಿಟಿ ಲಿಸ್ಟು ಯಾವುದೂ ಇಲ್ಲ. ಒಬ್ಬ ಮೇಲೆ ಹೋದರೆ ತನಗೆ ನಂಬಿಕೆ ಇರುವ ಇಬ್ಬರು ಮೂವರನ್ನು ಎಳೆದುಕೊಳ್ಳುತ್ತಾನೆ. ಒಬ್ಬ ಬಿದ್ದರೆ ಅವರೂ ಬೀಳುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ನಮ್ಮ ಅಂತರ ಕಾಲೇಜು ಪಂದ್ಯದ ಹಾಗೆ ಅಂದುಕೊಳ್ಳಬೇಡಿ. ಎನ್‌ಸಿಎಎ ಎಂಬ ಸಂಸ್ಥೆಯ ಅಡಿಯಲ್ಲಿ ಸುಮಾರು 1,100 ಕಾಲೇಜುಗಳಿವೆ, ಮೂರು ಡಿವಿಷನ್. ಮೊದಲನೆಯ ಡಿವಿಷನ್‌ನಲ್ಲಿ 350ಕ್ಕೂ ಹೆಚ್ಚು ಪುರುಷರ ತಂಡಗಳು. ದೊಡ್ಡ ಕಾಲೇಜುಗಳಲ್ಲಿ ಪಂದ್ಯ ನೋಡಲು ಹದಿನೈದು, ಇಪ್ಪತ್ತು ಸಾವಿರ ಜನ ಸೇರುತ್ತಾರೆ. ಮುಖ್ಯ ಕೋಚ್‌ಗೆ ವರ್ಷಕ್ಕೆ ಹತ್ತಾರು ಲಕ್ಷ ಡಾಲರ್ ಸಂಬಳ, ಎಷ್ಟೋ ಕಡೆ ಕುಲಪತಿಗಿಂತ ಹೆಚ್ಚು. ಮೂರನೆಯ ಡಿವಿಷನ್‌ನಲ್ಲಿ ಆಟಕ್ಕೆ ಅಂತ ವಿದ್ಯಾರ್ಥಿವೇತನವೇ ಇಲ್ಲ, ಗ್ಯಾಲರಿಯಲ್ಲಿ ಆಟಗಾರರ ಅಪ್ಪ ಅಮ್ಮ, ಅವರ ಜೊತೆ ಬಂದ ನಾಯಿ. ನಾನು ಈಗ ಇರುವುದು ಈ ಮೂರನೆಯದರಲ್ಲಿ.

ಅಸಿಸ್ಟೆಂಟ್ ಏನು ಮಾಡುತ್ತಾನೆ? ವರ್ಷದ ಪಂದ್ಯಗಳನ್ನು ಅಸಿಸ್ಟೆಂಟ್‌ಗಳು ಹಂಚಿಕೊಳ್ಳುತ್ತೇವೆ. ನನ್ನ ಪಾಲಿಗೆ ಬಂದ ಎದುರಾಳಿಯ ಐದಾರು ಹಿಂದಿನ ಪಂದ್ಯಗಳನ್ನು ನೋಡಿ, ಯಾರು ಎಲ್ಲಿಂದ ಹಾಕುತ್ತಾನೆ, ಕೊನೆಯ ನಿಮಿಷದಲ್ಲಿ ಚೆಂಡು ಯಾರ ಕೈಗೆ ಹೋಗುತ್ತದೆ, ಯಾವ ಆಟಕ್ಕೆ ಯಾವ ಸನ್ನೆ ಮಾಡುತ್ತಾರೆ, ಎಲ್ಲ ಬರೆಯಬೇಕು. ಬರೆದದ್ದು ಹತ್ತು ಪುಟ, ಆಟಗಾರರಿಗೆ ಹೇಳುವುದು ಮೂರು ಮಾತು. ಹತ್ತನ್ನು ಮೂರಕ್ಕೆ ಇಳಿಸುವುದೇ ಕಷ್ಟದ ಕೆಲಸ. ಬೆಳಿಗ್ಗೆ ಆರಕ್ಕೆ ಒಬ್ಬ ಹುಡುಗ ಶೂಟಿಂಗ್ ಅಭ್ಯಾಸಕ್ಕೆ ಬರುತ್ತಾನೆ, ರಿಂಗಿನ ಕೆಳಗೆ ನಿಂತು ಐನೂರು ಸಲ ಚೆಂಡು ಹಿಡಿದು ವಾಪಸ್ ಕೊಡಬೇಕು. ಅವನು ಕ್ಲಾಸಿಗೆ ಹೋದನೋ ಇಲ್ಲವೋ ನೋಡಬೇಕು. ಪ್ರೇಯಸಿ ಬಿಟ್ಟುಹೋದರೆ ಅವನ ಅಳು ಕೇಳಬೇಕು. ಮುಖ್ಯ ಕೋಚ್ ಬೈದಿರುತ್ತಾರೆ, ಹಿಂದಿನಿಂದ ಹೋಗಿ "ನಿನ್ನ ಮೇಲೆ ನಂಬಿಕೆ ಇರೋದಕ್ಕೇ ಬೈದದ್ದು" ಅನ್ನಬೇಕು. ಎಷ್ಟೋ ಸಲ ಅದು ಸುಳ್ಳು. ಪಂದ್ಯ ನಡೆಯುವಾಗ ಯಾರಿಗೆ ಎಷ್ಟು ಫೌಲ್, ನಮಗೆ ಎಷ್ಟು ಟೈಮ್‌ಔಟ್ ಉಳಿದಿದೆ ಅಂತ ಕೇಳುವ ಮೊದಲೇ ಹೇಳಬೇಕು. ಕೇಳದೆ ಸಲಹೆ ಕೊಡಬಾರದು, ಕೇಳಿದಾಗ ಇಲ್ಲ ಅನ್ನಬಾರದು. ಮುಖ್ಯ ಕೋಚ್ ಗೆರೆಯ ಪಕ್ಕ ನಿಂತು ಕಿರುಚುತ್ತಿರುತ್ತಾರೆ, ನಾನು ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಕೂತಿರುತ್ತೇನೆ. ಟಿ.ವಿ.ಯಲ್ಲಿ ಕಂಡರೂ ನನ್ನ ಮಂಡಿ ಕಾಣಿಸುತ್ತದೆ ಅಷ್ಟೇ.

ಇದರ ಜೊತೆಗೆ ರಿಕ್ರೂಟಿಂಗ್. ಹೈಸ್ಕೂಲ್ ಹುಡುಗರನ್ನು ಹುಡುಕಿ, ಒಪ್ಪಿಸಿ, ಕಾಲೇಜಿಗೆ ಕರೆತರುವುದು. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಟ್ಟುಪಾಡು ಜಾಸ್ತಿ. ಯಾವ ತಿಂಗಳಲ್ಲಿ ಮಾತಾಡಬಹುದು, ಯಾವ ವಾರ ದೂರದಿಂದ ನೋಡಬಹುದು, ಯಾವಾಗ ನೋಡಲೂಬಾರದು ಅಂತ ಕ್ಯಾಲೆಂಡರ್ ಇದೆ. ಜುಲೈನಲ್ಲಿ ದೊಡ್ಡ ಟೂರ್ನಿಗಳು ನಡೆಯುತ್ತವೆ. ಮೊದಲ ಡಿವಿಷನ್‌ನಲ್ಲಿದ್ದಾಗ ನಾನು ಬೆಳಿಗ್ಗೆಯಿಂದ ರಾತ್ರಿ ತನಕ ಕಾಲೇಜಿನ ಹೆಸರಿರುವ ಅಂಗಿ ಹಾಕಿಕೊಂಡು ಗ್ಯಾಲರಿಯಲ್ಲಿ ಕೂರುತ್ತಿದ್ದೆ. ಹುಡುಗನ ಹತ್ತಿರ ಒಂದು ಮಾತೂ ಆಡುವಂತಿಲ್ಲ. ಅವನು ತಲೆ ಎತ್ತಿ ನೋಡಿದಾಗ ನನ್ನ ಅಂಗಿ ಕಾಣಬೇಕು. ಕಾಣಿಸಿಕೊಳ್ಳುವುದೇ ಕೆಲಸ.

ನನಗಿಂತ ದೊಡ್ಡವರ ಕತೆ ಹೇಳಿದರೆ ಈ ದಾರಿ ನಿಮಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ನೈಸ್ಮಿತ್ 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಕೋಚ್ ಆಗಿ ಗೆದ್ದದ್ದು 55, ಸೋತದ್ದು 60. ಆಟ ಕಂಡುಹಿಡಿದವನೇ ಆ ಕಾಲೇಜಿನಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಒಬ್ಬನೇ ಕೋಚ್. ಅವನ ಶಿಷ್ಯ ಫಾಗ್ ಅಲೆನ್. ಅಲೆನ್‌ನ ಶಿಷ್ಯ ಡೀನ್ ಸ್ಮಿತ್, 1952ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತಂಡದಲ್ಲಿ ಹೆಚ್ಚಾಗಿ ಬೆಂಚಿನ ಮೇಲೆ ಕೂತಿದ್ದವನು. ಆಮೇಲೆ ಅಲ್ಲಿ ಇಲ್ಲಿ ಅಸಿಸ್ಟೆಂಟ್ ಆಗಿ, 1961ರಲ್ಲಿ ನಾರ್ತ್ ಕೆರೊಲಿನ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದ. 1965ರಲ್ಲಿ ಒಂದು ಸೋಲಿನ ನಂತರ ಅವನ ಕಾಲೇಜಿನ ಹುಡುಗರೇ ಅವನ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿದ್ದರು. 1997ರಲ್ಲಿ ನಿವೃತ್ತನಾಗುವಾಗ ಅವನ ಗೆಲುವು 879.

ಈ ಡೀನ್ ಸ್ಮಿತ್ ಕೈಕೆಳಗಿದ್ದ ಅಸಿಸ್ಟೆಂಟ್‌ಗಳಲ್ಲಿ ಇಬ್ಬರ ಕತೆ ಹೇಳುತ್ತೇನೆ. ಒಬ್ಬ ರಾಯ್ ವಿಲಿಯಮ್ಸ್. ಬಡತನದಲ್ಲಿ ಬೆಳೆದವನು, ತಾಯಿ ಬೇರೆಯವರ ಮನೆ ಬಟ್ಟೆ ಇಸ್ತ್ರಿ ಮಾಡಿ ಸಾಕಿದಳು. ಆಟದ ನಂತರ ಗೆಳೆಯರು ಕೋಕಾ ಕೋಲಾ ಕುಡಿಯುವಾಗ ಇವನ ಹತ್ತಿರ ಹತ್ತು ಸೆಂಟ್ ಇರುತ್ತಿರಲಿಲ್ಲ. ಅದು ತಾಯಿಗೆ ಗೊತ್ತಾಗಿ ದಿನಾ ಹತ್ತು ಸೆಂಟಿನ ನಾಣ್ಯ ಮೇಜಿನ ಮೇಲೆ ಇಡುತ್ತಿದ್ದಳಂತೆ. ಕಾಲೇಜಿನಲ್ಲಿ ಓದುವಾಗ ಡೀನ್ ಸ್ಮಿತ್ ತಂಡದ ಅಭ್ಯಾಸಕ್ಕೆ ಹೋಗಿ ಅಂಕಿಅಂಶ ಬರೆದುಕೊಡುತ್ತಿದ್ದ. ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ತೆಂಗಿನ ಮರವೇ ಕಣ್ಣ ಮುಂದೆ ಬಂತು. ಐದು ವರ್ಷ ಹೈಸ್ಕೂಲಿನಲ್ಲಿ ಮುಖ್ಯ ಕೋಚ್ ಆಗಿದ್ದವನು 1978ರಲ್ಲಿ ಆ ಕೆಲಸ ಬಿಟ್ಟು ಡೀನ್ ಸ್ಮಿತ್ ಹತ್ತಿರ ಅರೆಕಾಲಿಕ ಅಸಿಸ್ಟೆಂಟ್ ಆಗಿ ಸೇರಿದ. ಸಂಬಳ ವರ್ಷಕ್ಕೆ 2,700 ಡಾಲರ್. ಮನೆ ನಡೆಯಬೇಕಲ್ಲ, ತಂಡದ ಫೋಟೊ ಇರುವ ಕ್ಯಾಲೆಂಡರ್‌ಗಳನ್ನು ಕಾರಿನಲ್ಲಿ ತುಂಬಿಕೊಂಡು ರಾಜ್ಯವೆಲ್ಲ ಸುತ್ತಿ ಮಾರಿದ. ಹತ್ತು ವರ್ಷದ ಮೇಲೆ, 1988ರಲ್ಲಿ, ಕ್ಯಾನ್ಸಸ್ ಅವನನ್ನು ಮುಖ್ಯ ಕೋಚ್ ಮಾಡಿತು. ಅದೇ ನೈಸ್ಮಿತ್ ಇದ್ದ ಜಾಗ. ಮುಂದೆ ನಾರ್ತ್ ಕೆರೊಲಿನಕ್ಕೆ ವಾಪಸ್ ಬಂದು ಮೂರು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ.

ಇನ್ನೊಬ್ಬ ಬಿಲ್ ಗಥ್ರಿಜ್. ನನಗೆ ಇಷ್ಟವಾದವನು ಇವನೇ. ಒಂದೇ ಕೋಚ್‌ನ ಪಕ್ಕ ಮೂವತ್ತು ವರ್ಷ ಅಸಿಸ್ಟೆಂಟ್ ಆಗಿ ಕೂತ. ಮೂವತ್ತು! ಡೀನ್ ಸ್ಮಿತ್ ನಿವೃತ್ತನಾದಾಗ ಇವನಿಗೆ ಅರವತ್ತು. ಆಗ ಮುಖ್ಯ ಕೋಚ್ ಮಾಡಿದರು. ಮೂರೇ ವರ್ಷ ಇದ್ದ, ಎರಡು ಸಲ ತಂಡವನ್ನು ರಾಷ್ಟ್ರೀಯ ಸೆಮಿಫೈನಲ್‌ಗೆ ತಲುಪಿಸಿದ, ಸಾಕು ಅಂತ ಎದ್ದುಹೋದ. ಮೈಕೆಲ್ ಜೋರ್ಡನ್ ಹೆಸರು ಈ ಮಕ್ಕಳಿಗೂ ಗೊತ್ತು, ಕಾಲಿನ ಶೂನಿಂದಾದರೂ ಗೊತ್ತು. ಜೋರ್ಡನ್ ಆ ಕಾಲೇಜಿನಲ್ಲಿ ಆಡುವಾಗ ಇವರಿಬ್ಬರೂ ಅಲ್ಲಿ ಅಸಿಸ್ಟೆಂಟ್‌ಗಳಾಗಿದ್ದರು.

ದುಡ್ಡಿನ ವಿಷಯದಲ್ಲಿ ಒಂದು ಕತೆ ಇದೆ, ನಮ್ಮ ಅತಿಥಿ ಶಿಕ್ಷಕರು ಕೇಳಬೇಕಾದ್ದು. 1990ರ ದಶಕದ ಆರಂಭದಲ್ಲಿ ಎನ್‌ಸಿಎಎ ಒಂದು ನಿಯಮ ತಂದಿತು. ಮೊದಲ ಡಿವಿಷನ್‌ನ ಪ್ರತಿ ತಂಡದಲ್ಲಿ ಕೊನೆಯ ಅಸಿಸ್ಟೆಂಟ್‌ಗೆ ವರ್ಷಕ್ಕೆ 16,000 ಡಾಲರ್‌ಗಿಂತ ಹೆಚ್ಚು ಕೊಡಕೂಡದು ಅಂತ. ಹೊಸಬರಿಗೆ ಅವಕಾಶ ಸಿಗಲಿ ಅನ್ನುವುದು ಅವರು ಕೊಟ್ಟ ಕಾರಣ. ಕೆಲಸ ಮಾತ್ರ ಹಗಲು ರಾತ್ರಿ. ಆ ಅಸಿಸ್ಟೆಂಟ್‌ಗಳು ಕೋರ್ಟಿಗೆ ಹೋದರು. ಕಾಲೇಜುಗಳೆಲ್ಲ ಸೇರಿಕೊಂಡು ಸಂಬಳ ಕಟ್ಟಿಹಾಕುವುದು ಕಾನೂನಿಗೆ ವಿರುದ್ಧ ಅಂತ 1995ರಲ್ಲಿ ತೀರ್ಪಾಯಿತು, 1998ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು, 1999ರಲ್ಲಿ ಐದೂವರೆ ಕೋಟಿ ಡಾಲರ್ ಹತ್ತಿರ ಪರಿಹಾರ ಕೊಡಲು ಎನ್‌ಸಿಎಎ ಒಪ್ಪಿತು. ನಾನು ಆ ಲೋಕಕ್ಕೆ ಕಾಲಿಡುವ ಮೊದಲೇ ಬೆಂಚಿನ ಕೊನೆಯವರು ಮಾಡಿಟ್ಟ ಉಪಕಾರ ಅದು.

2011ರಲ್ಲಿ ಊರಿಗೆ ಬಂದಾಗ ಅಪ್ಪನಿಗೆ ಎಲ್ಲ ಹೇಳಲೇಬೇಕಾಯಿತು. ಅದುವರೆಗೂ "ಕಂಪ್ಯೂಟರ್ ಕೆಲಸ" ಅಂತಲೇ ತೇಲಿಸಿದ್ದೆ. ಜಗಲಿಯ ಮೇಲೆ ಕೂತಿದ್ದರು.

"ಸಾಫ್ಟ್‌ವೇರ್ ಬುಟ್ಬುಟ್ಟು ಚೆಂಡಾಡ್ಸಕ್ಕೆ ಹೋದ್ಯೇನ್ಲಾ?"

"ಹೂಂ ಅಪ್ಪ."

"ದೊಡ್ ಕೋಚೋ?"

"ಅಲ್ಲ, ಅಸಿಸ್ಟೆಂಟು."

ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಆಲೆಮನೆಗೆ ಹೊರಟವರು "ಬಾ" ಅಂದರು. ಅಪ್ಪ ವಯಸ್ಸಿನಲ್ಲಿ ಇಪ್ಪತ್ತು ವರ್ಷ ಆಲೆಮನೆಯಲ್ಲಿ ಒಲೆಯ ಬಾಯಿಯ ಹತ್ತಿರ ಕೂತು ರಚ್ಚು ತಳ್ಳಿ ಉರಿ ಹಾಕಿದವರು. ಕೊಪ್ಪರಿಗೆಯ ಹತ್ತಿರ ನಿಂತು ಕೇಳಿದರು:

"ಪಾಕ ನೋಡೋನು ಬ್ಯಾರೆ, ಉರಿ ಹಾಕೋನು ಬ್ಯಾರೆ. ನೀನು ಉರಿ ಹಾಕೋನು ಅನ್ನು."

"ಹೂಂ."

"ಉರಿ ಜಾಸ್ತಿಯಾದ್ರೆ ಬೆಲ್ಲ ಸೀದೋಯ್ತದೆ, ಕಮ್ಮಿಯಾದ್ರೆ ಕಟ್ಟಕ್ಕಿಲ್ಲ. ಆದ್ರೂ ಬೈಸ್ಕೊಳೋನು ಪಾಕದೋನೇ ಕಣ್ಲಾ. ನಮ್ನ ಯಾರೂ ಕೇಳಕ್ಕಿಲ್ಲ, ನಿದ್ದೆ ಚೆನ್ನಾಗಿ ಬತ್ತದೆ."

ಇಪ್ಪತ್ತು ಗುಂಟೆಯ ಮಾತು ಅಪ್ಪ ಎತ್ತಲಿಲ್ಲ, ಸಾಯುವ ತನಕ ಎತ್ತಲಿಲ್ಲ. ಆದರೆ ನಿದ್ದೆಯ ವಿಷಯದಲ್ಲಿ ಮಾತ್ರ ಅವರ ಲೆಕ್ಕ ನನ್ನ ಪಾಲಿಗೆ ಸರಿಹೋಗಲಿಲ್ಲ.

2016ರಲ್ಲಿ ಪಕ್ಕದ ರಾಜ್ಯದ ಒಬ್ಬ ಹುಡುಗನ ಹಿಂದೆ ಬಿದ್ದೆ. ಒಳ್ಳೆಯ ಗಾರ್ಡ್, ಕಣ್ಣು ಚುರುಕು. ತಾಯಿ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು, ತಂದೆ ಇರಲಿಲ್ಲ. ಹುಡುಗನ ಮನೆಗೆ ಊಟಕ್ಕೆ ಹೋದೆ. ಕೋಳಿ ಮಾಡಿದ್ದಳು. ನಾಟಿ ಕೋಳಿ ಸಾರು ತಿಂದು ಬೆಳೆದ ಬಾಯಿಗೆ ಅವರ ಕೋಳಿ ಸಪ್ಪೆ, ಆದರೂ ಮೂರು ಸಲ ಹಾಕಿಸಿಕೊಂಡೆ. ಕೈ ತೊಳೆದ ಮೇಲೆ ಆಕೆ ಒಂದೇ ಪ್ರಶ್ನೆ ಕೇಳಿದಳು. ನಾಲ್ಕು ವರ್ಷವೂ ನೀನು ಅಲ್ಲಿರುತ್ತೀಯಾ ಅಂತ. ಕಾಲೇಜಿನ ಬಗ್ಗೆ ಕೇಳಲಿಲ್ಲ, ಮುಖ್ಯ ಕೋಚ್ ಬಗ್ಗೆ ಕೇಳಲಿಲ್ಲ. ನಾನು "ಇರುತ್ತೇನೆ" ಅಂದೆ.

ಹುಡುಗ 2017ರ ಆಗಸ್ಟ್‌ನಲ್ಲಿ ಬಂದ. 2018ರ ಮಾರ್ಚ್‌ನಲ್ಲಿ, ಕೊನೆಯ ಪಂದ್ಯ ಸೋತ ಮೂರನೆಯ ದಿನ, ನಮ್ಮ ಮುಖ್ಯ ಕೋಚನ್ನು ತೆಗೆದುಹಾಕಿದರು. ಮುಖ್ಯ ಕೋಚ್ ಹೋದರೆ ಅಸಿಸ್ಟೆಂಟ್‌ಗಳೂ ಹೋದ ಹಾಗೆ, ಹೊಸಬ ತನ್ನವರನ್ನು ತರುತ್ತಾನೆ. ಅಪ್ಪ ಹೇಳಿದ ಆಲೆಮನೆಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಬೆಲ್ಲ ಸೀದರೆ ಪಾಕದವನನ್ನೂ ಉರಿಯವನನ್ನೂ ಒಟ್ಟಿಗೇ ಆಚೆ ಹಾಕುತ್ತಾರೆ. ನನ್ನ ವೀಸಾ ಕಾಲೇಜಿನ ಕೆಲಸಕ್ಕೆ ಕಟ್ಟಿದ್ದು, ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆಯಿಂದ ನಿಂತಿದ್ದೆ. ಕೆಲಸ ಹೋದ ಮೇಲೆ ಅರವತ್ತು ದಿನ ಅವಕಾಶ. ಅಷ್ಟರಲ್ಲಿ ಬೇರೆ ಕಡೆ ಸೇರಬೇಕು, ಇಲ್ಲವೇ ದೇಶ ಬಿಡಬೇಕು. ಮಗನಿಗೆ ಆಗ ಆರು ವರ್ಷ. ಹೆಂಡತಿ ಫ್ರಿಡ್ಜಿನ ಮೇಲೆ ಒಂದು ಕಾಗದ ಅಂಟಿಸಿ ದಿನಾ ಒಂದೊಂದು ಅಂಕಿ ಹೊಡೆಯುತ್ತಿದ್ದಳು. ಐವತ್ತೆರಡನೆಯ ದಿನ ಈಗಿನ ಸಣ್ಣ ಕಾಲೇಜು ಕರೆಯಿತು. ಸಂಬಳ ಅರ್ಧಕ್ಕರ್ಧ ಇಳಿಯಿತು. ಎರಡನೆಯ ಮಾತಿಲ್ಲದೆ ಹೋದೆ.

ನನಗೆ ಕಾಲೇಜು ಸಿಕ್ಕಿತು. ಆ ಹುಡುಗನಿಗೆ? ಹೊಸ ಕೋಚ್ ತನ್ನ ಹುಡುಗರನ್ನು ತಂದ, ಇವನಿಗೆ ಆಡಲು ಸಿಗಲಿಲ್ಲ. ಬೇರೆ ಕಾಲೇಜಿಗೆ ಹೋದರೆ ಒಂದು ವರ್ಷ ಆಡದೆ ಕೂರಬೇಕು ಅನ್ನುವ ನಿಯಮ ಆಗ ಇತ್ತು. ಕೋಚ್‌ಗಳು ಬೆಳಗಾಗುವುದರಲ್ಲಿ ಕಾಲೇಜು ಬದಲಾಯಿಸಬಹುದು, ಹುಡುಗ ಬದಲಾಯಿಸಿದರೆ ಶಿಕ್ಷೆ. 2021ರಲ್ಲಿ ಆ ನಿಯಮ ಸಡಿಲಿಸಿದರು, ಇವನಿಗೆ ಉಪಯೋಗಕ್ಕೆ ಬರಲಿಲ್ಲ. ಬೇರೆ ಕಡೆ ಹೋಗಿ ಒಂದು ವರ್ಷ ಕೂತ, ಕೂತಲ್ಲೇ ಆಟದ ರುಚಿ ಹೋಯಿತು. ಡಿಗ್ರಿ ಮುಗಿಸಿದ್ದಾನೆ, ಉದ್ಯೋಗದಲ್ಲಿದ್ದಾನೆ. ಫೋನ್ ಮಾಡಿದರೆ ಎತ್ತುತ್ತಾನೆ, ಚೆನ್ನಾಗಿ ಮಾತಾಡುತ್ತಾನೆ. ಆ ತಾಯಿಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ನಾನು ಸುಳ್ಳು ಹೇಳಿದೆನೇ? ಹೇಳುವಾಗ ನಂಬಿಯೇ ಹೇಳಿದ್ದೆ. ಆದರೆ ಹನ್ನೊಂದು ವರ್ಷ ಆ ಲೋಕದಲ್ಲಿದ್ದವನಿಗೆ, ಮುಖ್ಯ ಕೋಚ್‌ಗಳು ಹೇಗೆ ಹೋಗುತ್ತಾರೆ ಅಂತ ಕಣ್ಣಾರೆ ಕಂಡವನಿಗೆ, ಹಾಗೆ ಹೇಳುವ ಹಕ್ಕಿರಲಿಲ್ಲ. ಹುಡುಗ ಬೇಕಾಗಿತ್ತು, ಹೇಳಿದೆ.

ಈ ಮಾತು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಅದೇ ಮಾತನ್ನು ನನ್ನ ಮನೆಯ ಜಗಲಿಯ ಮೇಲೆ ಬೇರೊಬ್ಬರು ಹೇಳಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನು ಮಂಡ್ಯಕ್ಕೆ ಕರೆದೊಯ್ಯಲು ಅವ್ವ ಒಪ್ಪಲಿಲ್ಲ. ಪಿ.ಟಿ. ಮೇಷ್ಟ್ರು ಬಂದು "ನಾನಿರ್ತೀನಿ ಕಣಮ್ಮ, ಎಸ್ಸೆಸ್ಸೆಲ್ಸಿ ಮುಗಿಯೋ ತನಕ ಇವನು ನನ್ನ ಜವಾಬ್ದಾರಿ" ಅಂದರು. ಮಾರನೆಯ ಜೂನ್‌ನಲ್ಲಿ ಅವರಿಗೆ ವರ್ಗವಾಯಿತು, ಹದಿನೆಂಟು ಕಿಲೋಮೀಟರ್ ದೂರದ ಶಾಲೆಗೆ. ನಾವು ಇನ್ನು ಮುಗಿಯಿತು ಅಂದುಕೊಂಡೆವು. ಮೊದಲ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಸುಮ್ಮನೆ ಕೂತಿದ್ದೆವು. ಟಿ.ವಿ.ಎಸ್. ಮೊಪೆಡ್ಡಿನ ಸದ್ದು ಕೇಳಿತು. ಆ ವರ್ಷ ಪೂರ್ತಿ, ಒಂದೆರಡು ಶನಿವಾರ ಬಿಟ್ಟರೆ, ಬಂದರು. ಪೆಟ್ರೋಲಿಗೆ ಯಾರು ಕೊಟ್ಟರು ಅಂತ ನಾವು ಕೇಳಲಿಲ್ಲ. ಆಗ ಕೇಳುವಷ್ಟು ಬುದ್ಧಿ ಇರಲಿಲ್ಲ. 28-24ರ ಪಂದ್ಯ ಅದೇ ವರ್ಷದ್ದು.

ಮೇಷ್ಟ್ರೇ, ಈಗ ಕೇಳುತ್ತಿದ್ದೇನೆ, ಆಮೇಲೆ ಹೇಳಿ.

ಈಗ ನಾನು ಯಾವ ಮನೆಗೆ ಹೋದರೂ ಮೊದಲೇ ಹೇಳಿಬಿಡುತ್ತೇನೆ: ನಾನು ನಾಲ್ಕು ವರ್ಷ ಇರುತ್ತೇನೆ ಅಂತ ಮಾತು ಕೊಡಲಾರೆ, ಕಾಲೇಜು ನೋಡಿ, ಓದು ನೋಡಿ, ನಾನಿಲ್ಲದಿದ್ದರೂ ನಿಮ್ಮ ಮಗ ಇಲ್ಲಿ ಇರಬಲ್ಲನೇ ನೋಡಿ ತೀರ್ಮಾನ ಮಾಡಿ. ಹೀಗೆ ಹೇಳಿ ಮೂರು ಒಳ್ಳೆಯ ಆಟಗಾರರನ್ನು ಕಳೆದುಕೊಂಡಿದ್ದೇನೆ. ನಮ್ಮ ಮುಖ್ಯ ಕೋಚ್‌ಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಆದರೂ ಇಟ್ಟುಕೊಂಡಿದ್ದಾರೆ.

ಮಕ್ಕಳಲ್ಲಿ ಯಾರಿಗಾದರೂ ಕೋಚ್ ಆಗುವ ಆಸೆ ಇದ್ದರೆ ಅಮೆರಿಕಕ್ಕೇ ಬರಬೇಕಾಗಿಲ್ಲ. ನನ್ನ ದಾರಿ ಸೊಟ್ಟ ದಾರಿ, ಅದನ್ನು ಹಿಡಿಯಬೇಡಿ. ಇಲ್ಲಿ ಡಿಗ್ರಿ ಆದ ಮೇಲೆ ಬಿ.ಪಿ.ಎಡ್. ಇದೆ, ಎಂ.ಪಿ.ಎಡ್. ಇದೆ. ಪಟಿಯಾಲದಲ್ಲಿ 1961ರಿಂದ ನಡೆಯುತ್ತಿರುವ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರಿಗಾಗಿಯೇ ಡಿಪ್ಲೊಮಾ ಇದೆ, ಎನ್‌ಐಎಸ್ ಕೋಚ್ ಅಂತ ಕರೆಯುತ್ತಾರಲ್ಲ ಅದು. ಹೆಣ್ಣುಮಕ್ಕಳಿಗೆ ಒಂದು ಮಾತು: ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಮಾರನೆಯ ವರ್ಷವೇ ಅಲ್ಲಿನ ಮಹಿಳಾ ಕಾಲೇಜೊಂದರಲ್ಲಿ ಸೆಂಡಾ ಬೆರೆನ್ಸನ್ ಎಂಬ ಮೇಡಂ ಹುಡುಗಿಯರಿಗೆ ಇದನ್ನು ಕಲಿಸಿದ್ದರು. ನೀವು ತಡವಾಗಿ ಬಂದವರಲ್ಲ. ಅಂಗಳದ ಆ ಕಡೆ ಗೋಡೆಗೆ ಒರಗಿ ನಿಂತು ನೋಡುವುದನ್ನು ಇನ್ನು ಬಿಡಿ.

ಇವತ್ತು ಬೆಳಿಗ್ಗೆ ಮೈದಾನಕ್ಕೆ ಹೋಗಿದ್ದೆ. ತೆಂಗಿನ ಮರ ಇಲ್ಲ, ಸಿಡಿಲು ಬಡಿಯಿತಂತೆ. ಆಮೇಲೆ ನೆಟ್ಟ ಕಬ್ಬಿಣದ ಕಂಬ ಇದೆ, ರಿಂಗ್ ತುಕ್ಕು ಹಿಡಿದು ಒಂದು ಪಕ್ಕಕ್ಕೆ ಜೋತುಬಿದ್ದಿದೆ. ಕೈ ಎತ್ತಿ ಹಾರಿ ನೋಡಿದೆ, ಈ ವಯಸ್ಸಿನಲ್ಲಿ ನನಗೇ ಸಿಕ್ಕಿತು. ಅಂದರೆ ಒಂಬತ್ತು ಅಡಿಯೂ ಇಲ್ಲ. ನಮ್ಮ ಬ್ಯಾಚಿನವರು ಸೇರಿ ಹೊಸ ಬೋರ್ಡು, ಎರಡು ರಿಂಗು, ಆರು ಚೆಂಡು ತಂದಿದ್ದೇವೆ, ಸ್ಟಾಫ್ ರೂಮಿನಲ್ಲಿ ಇಟ್ಟಿದೆ. ವೆಲ್ಡಿಂಗ್ ಅಂಗಡಿಯವರು ನಾಳೆ ಬೆಳಿಗ್ಗೆ ಏಳಕ್ಕೆ ಬರುತ್ತೇನೆ ಎಂದಿದ್ದಾರೆ. ಕೈ ಜೋಡಿಸುವವರು ಆರೂವರೆಗೆ ಬನ್ನಿ. ಟೇಪ್ ನನ್ನ ಹತ್ತಿರ ಇದೆ, ಆದರೂ ಯಾರಾದರೂ ಗದ್ದೆಯಿಂದ ಒಂದು ಉದ್ದನೆಯ ಜಲ್ಲೆ ಮುರಿದು ತನ್ನಿ. ಮೇಷ್ಟ್ರು ಅಳೆಯುತ್ತಾರೆ. ಮುಖ್ಯೋಪಾಧ್ಯಾಯರು ಬಂದು ನೋಡುವ ತನಕ ಮಾತ್ರ ಯಾರೂ ಅದನ್ನು ತಿನ್ನಬೇಡಿ.